ಕೇಳಿದರೆ ಮಾತ್ರ ಕೊಡುವ ಫಾರಂ

ಕಚೇರಿಯಲ್ಲಿ ಎಲ್ಲರೂ ಅವರನ್ನು ಪ್ರಶ್ನೆಯಕ್ಕ ಎಂದು ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ ಮಾತ್ರ. ಆಮೇಲೆ ಒಂದು ದಿನ ಅವರೇ ಫೋನ್ ಎತ್ತಿ, "ಹಲೋ, ಪ್ರಶ್ನೆಯಕ್ಕ ಮಾತಾಡ್ತಿರೋದು, ಹೇಳಿ" ಎಂದ ಮೇಲೆ ಆಡಿಕೊಳ್ಳುವವರ ಉತ್ಸಾಹವೇ ಇಳಿದುಹೋಯಿತು. ಹೆಸರು ಮಾತ್ರ ಉಳಿಯಿತು.

ಆರೋಗ್ಯ ಮತ್ತು ಸಮಾಜ ಸೇವಾ ಇಲಾಖೆಯಲ್ಲಿ ಅವರದು ಮನೆಭೇಟಿಯ ಕೆಲಸ. ವಯಸ್ಸಾದವರಿಗೋ ಕಾಯಿಲೆಯವರಿಗೋ ನೆರವು ಬೇಕು ಎಂದು ಅರ್ಜಿ ಬಂದರೆ, ಇವರು ಚೀಲ ಹೆಗಲಿಗೇರಿಸಿ ಆ ಮನೆಗೆ ಹೋಗಬೇಕು. ಹಳದಿ ಫಾರಂ ಬಿಚ್ಚಿ ಮೂವತ್ತೆಂಟು ಪ್ರಶ್ನೆ ಕೇಳಬೇಕು. ಸ್ನಾನ ನೀವೇ ಮಾಡ್ತೀರಾ, ಮೆಟ್ಟಿಲು ಹತ್ತೋಕಾಗುತ್ತಾ, ಒಲೆ ಆರಿಸೋದು ನೆನಪಿರುತ್ತಾ, ಹೀಗೆ. ತಾನೇ ಮಾಡಿಕೊಂಡರೆ ಸೊನ್ನೆ, ಸ್ವಲ್ಪ ಸಹಾಯ ಬೇಕಿದ್ದರೆ ಒಂದು, ಆಗದೇ ಇದ್ದರೆ ಎರಡು. ಇಲಾಖೆಯ ಲೆಕ್ಕದಲ್ಲಿ ಮನುಷ್ಯ ಎಷ್ಟು ಕೆಟ್ಟನೋ ಅಷ್ಟು ಹೆಚ್ಚು ಅಂಕ. ಶಾಲೆಯಲ್ಲಿ ಒಂದಂಕಿ ದಾಟದವರೂ ಇಲ್ಲಿ ಮುದಿವಯಸ್ಸಿನಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗುತ್ತಿದ್ದರು.

ಕಷ್ಟ ಅದಲ್ಲ. ಇಲಾಖೆಯವರು ಮನೆಗೆ ಬರುತ್ತಾರೆ ಎಂದರೆ ಜನಕ್ಕೆ ಅದೇನಾಗುತ್ತದೋ ದೇವರಿಗೇ ಗೊತ್ತು. ಮೂರು ತಿಂಗಳಿಂದ ಹಾಸಿಗೆ ಬಿಟ್ಟೇಳದವರು ಅವತ್ತು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಬಾಗಿಲಲ್ಲೇ ನಿಂತು ಸ್ವಾಗತ ಕೋರುತ್ತಾರೆ. ಸಹಾಯ ಬೇಕೆಂದು ಅರ್ಜಿ ಹಾಕಿದವರೇ, ಸಹಾಯ ಕೊಡಲು ಬಂದವರ ಮುಂದೆ, ತಮಗೆ ಯಾರ ಸಹಾಯವೂ ಬೇಕಿಲ್ಲ ಎಂದು ಸಾಧಿಸಿ ತೋರಿಸುತ್ತಾರೆ. ಮಂಡಿನೋವಿನ ಒಬ್ಬ ಅಜ್ಜ, "ಮೆಟ್ಟಿಲಾ? ನೋಡಿ" ಎಂದವನೇ ಎರಡು ಅಂತಸ್ತು ಹತ್ತಿ ನಿಂತ. ಇಳಿಸಲು ನಾಲ್ಕು ಜನ ಬೇಕಾಯಿತು.

ಆದ್ದರಿಂದ ಪ್ರಶ್ನೆಯಕ್ಕನೂ ತಮ್ಮದೇ ಉಪಾಯಗಳನ್ನು ಕಂಡುಕೊಂಡಿದ್ದರು. ಹೇಳಿದ ಹೊತ್ತಿಗಿಂತ ಕಾಲು ಗಂಟೆ ಮುಂಚೆ ಹೋಗುವುದು. ಕುಡಿಯಲು ನೀರು ಕೇಳಿ, ಲೋಟ ಎಲ್ಲಿಂದ ಬರುತ್ತದೆ, ಎಷ್ಟು ನಡುಗುತ್ತಾ ಬರುತ್ತದೆ ಎಂದು ನೋಡುವುದು. ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಸೋಪು ಮುಟ್ಟುವುದು. ಸೋಪು ಒಣಗಿ ಬಿರುಕು ಬಿಟ್ಟಿದ್ದರೆ ಸ್ನಾನದ ಪ್ರಶ್ನೆಗೆ ಬೇರೆ ಉತ್ತರ ಬೇಕಿಲ್ಲ. ಇಪ್ಪತ್ತೊಂದು ವರ್ಷದ ಈ ಅಭ್ಯಾಸ ಮನೆಯಲ್ಲೂ ಬಿಡುತ್ತಿರಲಿಲ್ಲ. ಗಂಡ ಬಚ್ಚಲಿನಿಂದ ಟವೆಲ್ ಎಂದು ಕೂಗಿದರೆ, "ಎರಡು ಅಂಕ" ಎಂದು ಇವರು ಅಡುಗೆಮನೆಯಿಂದ ಕೂಗುತ್ತಿದ್ದರು.

ಈಗ ಅಂಕದ ವಿಷಯ. ಮೂವತ್ತರ ಒಳಗೆ ಬಂದರೆ, ಇವರು ತಮ್ಮ ಪಾಡಿಗೆ ತಾವು ಇರಬಲ್ಲರು ಎಂದು ಇಲಾಖೆ ಕೈ ತೊಳೆದುಕೊಳ್ಳುತ್ತದೆ. ಮೂವತ್ತು ದಾಟಿದರೆ ಕಡತ ಸಮಿತಿಗೆ ಹೋಗುತ್ತದೆ, ಸಮಿತಿ ಅವರನ್ನು ಊರಾಚೆಯ ಆಶ್ರಯಧಾಮಕ್ಕೆ ಕಳಿಸುತ್ತದೆ. ಒಂದೋ ಏನೂ ಇಲ್ಲ, ಇಲ್ಲವೇ ಮನೆಯೇ ಇಲ್ಲ. ನಡುವೆ ಒಂದು ದಾರಿ ಇತ್ತು. ಅದೇ ನೀಲಿ ಫಾರಂ. ತೆಳ್ಳಗೆ, ಒಂದೇ ಹಾಳೆ. ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವ ಮನೆಯವರೇ ಅದನ್ನು ತುಂಬಿ ಹಳದಿಗೆ ಲಗತ್ತಿಸಿದರೆ ಕಡತ ಸಮಿತಿಯ ಮುಖ ನೋಡುವುದಿಲ್ಲ. ಆರು ತಿಂಗಳು ಇಲಾಖೆಯೇ ಮನೆಗೆ ಒಬ್ಬ ಸಹಾಯಕಿಯನ್ನು ಕಳಿಸುತ್ತದೆ.

ಇಷ್ಟು ಒಳ್ಳೆಯದು ಸುಮ್ಮನೆ ಸಿಗುತ್ತದೆಯೇ? ಒಂದು ವರ್ಷ ಸಿಬ್ಬಂದಿ ಎಲ್ಲ ಮನೆಗೂ ನೀಲಿ ಫಾರಂ ಹಂಚಿ, ಸಹಾಯಕಿಯರು ಸಾಲದೆ ಮೇಲಿನವರು ತಲೆ ಚಚ್ಚಿಕೊಂಡರು. ಆಗ ಸುತ್ತೋಲೆ ಬಂತು: ಮನೆಯವರು ತಾವಾಗಿಯೇ ಬಾಯಿಬಿಟ್ಟು ಸಹಾಯ ಕೇಳಿದರೆ ಮಾತ್ರ ಈ ಫಾರಂ ಕೊಡತಕ್ಕದ್ದು, ಸಿಬ್ಬಂದಿ ಇದರ ಸುಳಿವು ಕೊಡತಕ್ಕದ್ದಲ್ಲ. ಸುಳಿವು ಕೊಟ್ಟರೋ ಇಲ್ಲವೋ ಎಂದು ತಿಳಿಯಲು ಮೇಲಧಿಕಾರಿಗಳೇ ಆ ಮನೆಯವರ ಹತ್ತಿರ ಫೋನಿನಲ್ಲಿ ಕೇಳುತ್ತಿದ್ದರು. ಇಲಾಖೆಯಲ್ಲಿ ಈ ಮೇಲಧಿಕಾರಿಗೆ ಕಟ್ಟುನಿಟ್ಟು ಸಾಹೇಬರು ಎಂಬ ಬಿರುದಿತ್ತು. ಸುಳಿವು ಕೊಟ್ಟು ಸಿಕ್ಕಿಬಿದ್ದ ಇಬ್ಬರ ಫಾರಂಗಳನ್ನು ಅವರು ರದ್ದು ಮಾಡಿದ್ದರು, ಅದೂ ಸಹಾಯಕಿ ಬಾಗಿಲು ತಟ್ಟುವ ಹೊತ್ತಿಗೆ.

ಹಿಂದೊಮ್ಮೆ ಒಬ್ಬ ಮುದುಕ ಗಡಿಯಾರ ರಿಪೇರಿಯವನ ಮನೆಯಲ್ಲಿ ಪ್ರಶ್ನೆಯಕ್ಕ ಪ್ರಾಮಾಣಿಕವಾಗಿ ಮೂವತ್ತಾರು ಅಂಕ ಹಾಕಿ ಬಂದಿದ್ದರು. ಅವನ ತಂಗಿ ಎಲ್ಲದಕ್ಕೂ ತಲೆಯಾಡಿಸಿದಳೇ ಹೊರತು ಏನೂ ಕೇಳಲಿಲ್ಲ. ಅವನು ಆಶ್ರಯಧಾಮಕ್ಕೆ ಹೋದ, ಎರಡು ತಿಂಗಳಲ್ಲಿ ತೀರಿಕೊಂಡ. ತಂಗಿ ಕಚೇರಿಗೆ ಬಂದು, "ನನಗೆ ಒಬ್ಬರು ಕೈಜೋಡಿಸಿದ್ರೆ ಸಾಕಿತ್ತು" ಎಂದಾಗ ನೀಲಿ ಫಾರಂಗಳ ಕಟ್ಟು ಅವರಿಬ್ಬರ ನಡುವಿನ ಮೇಜಿನ ಡ್ರಾಯರಿನಲ್ಲಿತ್ತು. ಆ ಮಾತು ನೆನಪಾದಾಗಲೆಲ್ಲ ಪ್ರಶ್ನೆಯಕ್ಕನಿಗೆ ಊಟ ಸೇರುತ್ತಿರಲಿಲ್ಲ. ಅಂದಿನಿಂದ ಚೀಲದ ತಳದಲ್ಲಿ ಒಂದು ನೀಲಿ ಫಾರಂ ಸದಾ ಇರುತ್ತಿತ್ತು. ಕೇಳುವವರು ಮಾತ್ರ ಸಿಕ್ಕಿರಲಿಲ್ಲ.

ದರ್ಜಿಯ ಮನೆಯ ಚೀಟಿ ಬಂದದ್ದು ಕಣ್ಣಿನ ಆಸ್ಪತ್ರೆಯಿಂದ. ದರ್ಜಿಯವರಿಗೆ ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿತ್ತು. ಆಪರೇಷನ್ ಆದ ಮೇಲೆ ಹದಿನೈದು ದಿನ ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಮುಂದೆ ನಿಲ್ಲಬಾರದು. ಮನೆಯಲ್ಲಿ ನೋಡಿಕೊಳ್ಳಲು ಒಬ್ಬರು ಬೇಕು. "ನನ್ನ ಹೆಂಡತಿ ಇದ್ದಾಳಲ್ಲ" ಎಂದು ಅವರು ಹೇಳಿದ್ದರಂತೆ. ಹೆಂಡತಿ ಅವರ ಜೊತೆಗೇ ಬಂದಿದ್ದರು. ನರ್ಸು ನೋಡುತ್ತಿದ್ದಂತೆ ಆಕೆ ಔಷಧಿಯ ಬೀರು ತೆರೆದು, ಒಳಗೆ ಇಣುಕಿ, "ಈ ರೂಮು ಬಹಳ ಇಕ್ಕಟ್ಟು" ಎಂದು ಬಾಗಿಲು ಮುಚ್ಚಿದರು. ಆಪರೇಷನ್ ಮುಂದಕ್ಕೆ ಹೋಯಿತು, ಒಮ್ಮೆಯಲ್ಲ, ಎರಡು ಸಲ. ಮುಂದಿನ ತಿಂಗಳ ದಿನವೂ ತಪ್ಪಿದರೆ ಬಲಗಣ್ಣು ಕೈಬಿಟ್ಟಂತೆ, ಅಷ್ಟರೊಳಗೆ ಹೆಂಡತಿಯ ಸ್ಥಿತಿಯನ್ನು ಇಲಾಖೆಯವರು ನೋಡಲಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು.

ಗುರುವಾರ ಮಧ್ಯಾಹ್ನ ಪ್ರಶ್ನೆಯಕ್ಕ ಮೂರನೇ ಅಂತಸ್ತು ಹತ್ತಿದಾಗ ಬಾಗಿಲು ಆಗಲೇ ಹಾರುಹೊಡೆದಿತ್ತು. ಒಳಗೆ ಕಿಟಕಿಯ ಪಕ್ಕ ಮುಚ್ಚಿಟ್ಟ ಹೊಲಿಗೆ ಯಂತ್ರ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಮೂರು ಕತ್ತರಿ. ದರ್ಜಿಯವರು ಕೋಟು ತೊಟ್ಟು ನಿಂತಿದ್ದರು. ಆ ಬಿಸಿಲಿಗೆ ಕೋಟು ತೊಡುವವರು ಇಲಾಖೆಯವರನ್ನು ಕಾಯುವವರು ಮಾತ್ರ. ಕೋಟೇನೋ ಭರ್ಜರಿಯಾಗಿತ್ತು, ಗುಂಡಿಗಳು ಮಾತ್ರ ಒಂದೊಂದು ಕಾಜಾ ತಪ್ಪಿ ಕೂತಿದ್ದವು. ಐವತ್ತು ವರ್ಷ ಬೇರೆಯವರ ಬಟ್ಟೆಗೆ ಗುಂಡಿ ಹಾಕಿದ ಮನುಷ್ಯ. "ಬನ್ನಿ ಮೇಡಂ, ಬನ್ನಿ" ಎಂದು ಅವರು ಪ್ರಶ್ನೆಯಕ್ಕನ ಎಡಗಡೆಯ ಗೋಡೆಗೆ ಹೇಳಿದರು.

"ಬಾಗಿಲು ತೆಗೆದೇ ಇದೆಯಲ್ಲ ಯಜಮಾನ್ರೇ?"

"ಇವಳದೇ ಕೆಲಸ. ಎಷ್ಟು ಸಲ ಮುಚ್ಚಿದ್ರೂ ಮತ್ತೆ ತೆಗೀತಾಳೆ. ಎಲ್ಲಾ ಬಾಗಿಲೂ" ಎಂದವರು, ಹೇಳಬಾರದ್ದನ್ನು ಹೇಳಿಬಿಟ್ಟೆ ಎನಿಸಿ, "ಗಾಳಿ ಇಷ್ಟ ಅವಳಿಗೆ" ಎಂದು ತೇಪೆ ಹಾಕಿದರು.

ಅಜ್ಜಿ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ದುಂಡು ಮುಖ, ಹೊಳೆಯುವ ಕಣ್ಣು. ಪ್ರಶ್ನೆಯಕ್ಕ ಕೂತ ಕೂಡಲೇ ಎದ್ದು ಬಂದು, ಕೊರಳಲ್ಲಿದ್ದ ಟೇಪು ತೆಗೆದು ಅವರ ಹೆಗಲಿಗೆ ಇಟ್ಟು, "ಹದಿನಾಲ್ಕೂವರೆ. ಎಡಗಡೆ ಸ್ವಲ್ಪ ಇಳಿದಿದೆ, ಚೀಲ ಹೊತ್ತೂ ಹೊತ್ತೂ" ಎಂದರು. ಅಂಗಡಿ ಇದ್ದ ಕಾಲದಲ್ಲಿ ಹೆಂಗಸರ ಅಳತೆ, ಕಾಜಾ, ಗುಂಡಿ ಎಲ್ಲ ಅವರದೇ. ಅಳತೆ ಸರಿಯಾಗಿತ್ತು. ಹೆಗಲು ಇಳಿದದ್ದೂ ನಿಜ. ತಾನು ನೋಡಲು ಬಂದ ಮನೆಯಲ್ಲಿ ತನ್ನನ್ನೇ ನೋಡಿಬಿಟ್ಟರಲ್ಲ ಎಂದು ಪ್ರಶ್ನೆಯಕ್ಕನಿಗೆ ನಗು ಬಂತು.

ಹಳದಿ ಫಾರಂ ತೆರೆದುಕೊಂಡಿತು.

"ಅಮ್ಮ, ಇವತ್ತು ಯಾವ ವಾರ?"

"ಗುರುವಾರ."

"ಮನೇಲಿ ಎಷ್ಟು ಜನ?"

"ಇಬ್ಬರು. ಇವರು, ನಾನು."

ಉತ್ತರಗಳು ಪಟಪಟನೆ ಬರುತ್ತಿದ್ದವು. ಹೆಸರು, ವಯಸ್ಸು ಎಪ್ಪತ್ತನಾಲ್ಕು, ಬೀದಿ, ಮನೆ ನಂಬರು. ದರ್ಜಿಯವರು ಪ್ರತಿ ಉತ್ತರಕ್ಕೂ ಉಸಿರು ಬಿಗಿಹಿಡಿದು, ಸರಿಯಾದಾಗ ಬಿಡುತ್ತಿದ್ದರು. ಹನ್ನೊಂದನೇ ಪ್ರಶ್ನೆಯವರೆಗೆ ಸೊನ್ನೆ, ಸೊನ್ನೆ, ಸೊನ್ನೆ. ಪ್ರಶ್ನೆಯಕ್ಕನ ಮೂಗಿಗೆ ವಾಸನೆ ಬಡಿಯಿತು. ಇಷ್ಟು ಚೆನ್ನಾಗಿ ಉತ್ತರ ಕೊಡಲು ಅವರ ಸ್ವಂತ ಗಂಡನಿಗೂ ಆಗುತ್ತಿರಲಿಲ್ಲ. ಹನ್ನೆರಡನ್ನು ಬಿಟ್ಟು ಅವರು ಹತ್ತೊಂಬತ್ತಕ್ಕೆ ನೆಗೆದರು.

"ಹೊರಗೆ ಹೋದ್ರೆ ಮನೆಗೆ ವಾಪಸ್ ಬರೋ ದಾರಿ ಗೊತ್ತಾಗುತ್ತಾ ಅಮ್ಮ?"

"ಬಿಸಿನೀರು ಜಾಸ್ತಿ, ತಣ್ಣೀರು ಕಮ್ಮಿ" ಎಂದರು ಅಜ್ಜಿ, ಅಷ್ಟೇ ಠೀವಿಯಿಂದ.

ದರ್ಜಿಯವರು ಕೆಮ್ಮಿದರು.

"ಒಲೆ ಆರಿಸೋದು ಮರೆತದ್ದುಂಟಾ?"

"ಮೇಲಿನ ಗುಂಡಿಯಿಂದ ಶುರು ಮಾಡಿ ಕೆಳಗಿನವರೆಗೆ. ನಾನೇ ಹಾಕ್ಕೋತೀನಿ."

ದರ್ಜಿಯವರಿಗೆ ಕೆಮ್ಮು ಜೋರಾಯಿತು. ಅಜ್ಜಿ ಅವರತ್ತ ತಿರುಗಿ, "ತಪ್ಪಾಯ್ತಾ ರೀ?" ಎಂದರು. ಕೆಳಗಿನ ಮನೆಯವರಿಗೆ ಹೋದ ವರ್ಷ ಇದೇ ಮೂವತ್ತೆಂಟು ಪ್ರಶ್ನೆ ಕೇಳಿದ್ದರು. ಅವರಿಂದ ಎಲ್ಲ ತಿಳಿದುಕೊಂಡು, ಹನ್ನೆರಡು ದಿನ, ಬೆಳಿಗ್ಗೆ ಸಂಜೆ, ದರ್ಜಿಯವರು ಹೆಂಡತಿಗೆ ಉತ್ತರ ಬಾಯಿಪಾಠ ಮಾಡಿಸಿದ್ದರು. ಪಾಪ, ಆಕೆ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ಪ್ರಶ್ನೆಗಳೇ ಸಾಲು ತಪ್ಪಿದ್ದವು.

ಪ್ರಶ್ನೆಯಕ್ಕ ಬಿಟ್ಟದ್ದನ್ನೆಲ್ಲ ಹಿಂದುಮುಂದಾಗಿ ಕೇಳಿದರು. ಒಂದು, ಎರಡು, ಎರಡು. ಮೂವತ್ತೇಳನೆಯದು ಮುಗಿಯುವಾಗ ಅಂಕ ನಲವತ್ತೊಂದಕ್ಕೆ ಬಂದಿತ್ತು. ಪೆನ್ನು ನಿಂತಿತು. ಗಡಿಯಾರದವನ ತಂಗಿ ಕಣ್ಣ ಮುಂದೆ ಬಂದಳು. ಇನ್ನೊಂದು ಸಲ ಹಾಗಾಗುವುದು ತನಗೆ ಬೇಡವೇ ಬೇಡ ಎಂದುಕೊಂಡರು.

"ಯಜಮಾನ್ರೇ, ಅಂಗಡೀಲಿ ಗಿರಾಕಿಗೆ ಒಳಜೇಬು ನೀವಾಗೇ ಇಡ್ತಿದ್ರಾ, ಅವರು ಕೇಳಿದ್ರೆ ಇಡ್ತಿದ್ರಾ?"

"ಕೇಳಿದವರಿಗೆ ಇಡ್ತಿದ್ದೆ."

"ಹಾಂ. ನಮ್ಮ ಇಲಾಖೇಲೂ ಹಾಗೇ. ಕೇಳಿದವರಿಗೆ ಇದೆ."

ದರ್ಜಿಯವರು ಯೋಚಿಸಿದರು. "ಇಲಾಖೆಯವರು ಜೇಬು ಹೊಲಿಸಿಕೊಡ್ತೀರಾ?"

"ಜೇಬಲ್ಲ. ಈಗ ನಿಮ್ಮ ಕೈಲಿ ಆಗದೇ ಇರೋದು ಏನಾದ್ರೂ ಇದ್ರೆ, ಅಂದ್ರೆ ಬಾಯಿಬಿಟ್ಟು..." ಪ್ರಶ್ನೆಯಕ್ಕ ನಾಲಿಗೆ ಕಚ್ಚಿಕೊಂಡರು. ಇದು ಸುಳಿವಾಯಿತೇ, ಅಲ್ಲವೇ? ಸುತ್ತೋಲೆ ಬರೆದವನು ಇಂಥ ಹೊತ್ತಿಗೆ ಎಲ್ಲಿರುತ್ತಾನೋ.

"ನನ್ನ ಕೈಲಿ ಎಲ್ಲಾ ಆಗುತ್ತೆ ಮೇಡಂ. ಅಡುಗೆ ನಾನೇ, ಬಟ್ಟೆ ನಾನೇ, ಇವಳ ಸ್ನಾನ..." ಎಂದು ಶುರುಮಾಡಿ, "ಅವಳದನ್ನ ಅವಳೇ ಮಾಡ್ಕೋತಾಳೆ" ಎಂದು ಮುಗಿಸಿದರು. "ನಾವು ಇವತ್ತಿನ ತನಕ ಯಾರ ಹತ್ರಾನೂ ಏನೂ ಕೇಳಿದವರಲ್ಲ."

"ಮತ್ತೆ ಆಪರೇಷನ್ನು?"

"ಇರೋ ಕಣ್ಣೇ ಸಾಕು."

ಅಜ್ಜಿ ಟೇಪು ಸುತ್ತುವುದರಲ್ಲಿ ಮುಳುಗಿದ್ದರು. ದರ್ಜಿಯವರು ಕುರ್ಚಿ ಹತ್ತಿರಕ್ಕೆ ಎಳೆದು, ತಗ್ಗಿದ ದನಿಯಲ್ಲಿ ಕೇಳಿದರು: "ಅವಳನ್ನ ಕರ್ಕೊಂಡು ಹೋಗ್ತೀರಾ?"

ಮೂವತ್ತೆಂಟು ಪ್ರಶ್ನೆ ಕೇಳುವವರಿಗೆ ಈ ಒಂದು ಪ್ರಶ್ನೆಯ ಉತ್ತರ ಚೆನ್ನಾಗಿ ಗೊತ್ತಿತ್ತು. "ಅದು ನನ್ನ ಕೈಲಿಲ್ಲ" ಎಂದರು, ಆ ಮಾತು ಹೇಳಿದ್ದಕ್ಕೆ ತಮ್ಮ ಮೇಲೆಯೇ ಸಿಟ್ಟು ಬಂತು. ದರ್ಜಿಯವರು ಕೋಟಿನ ಗುಂಡಿಗಳನ್ನು ಬಿಚ್ಚತೊಡಗಿದರು, ಇನ್ನು ಯಾರಿಗಾಗಿ ತೊಟ್ಟಿರಬೇಕು ಎನ್ನುವ ಹಾಗೆ.

ಉಳಿದದ್ದು ಕೊನೆಯ ಪ್ರಶ್ನೆ. ಅದಕ್ಕೆ ಅಂಕವಿಲ್ಲ. ಕೇಳಲೇಬೇಕು, ಅಷ್ಟೇ.

"ಅಮ್ಮ, ನಿಮ್ಮನ್ನ ದಿನಾ ನೋಡ್ಕೊಳ್ಳೋರು ಯಾರು?"

ಇದಕ್ಕೂ ಪಾಠ ಆಗಿತ್ತು. ದರ್ಜಿಯವರ ತುಟಿ ತಾನಾಗಿಯೇ ಅಲುಗಿತು. ಅಜ್ಜಿ ಆ ಉತ್ತರ ಹೇಳಲಿಲ್ಲ. ಪ್ರಶ್ನೆಯಕ್ಕನ ಕಡೆ ಬಾಗಿ ಪಿಸುಗುಟ್ಟಿದರು. ಆ ಪಿಸುಮಾತು ಕೆಳಗಿನ ಮನೆಗೂ ಕೇಳಿಸುವಂತಿತ್ತು.

"ನನ್ನನ್ನ ಯಾಕೆ ನೋಡ್ಕೋಬೇಕು? ನಾನೇ ಇವರನ್ನ ನೋಡ್ಕೋತಿರೋದು. ಇವರಿಗೆ ಕಣ್ಣು ಕಾಣಲ್ಲ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ. ಬಾಗಿಲಿಗೆ ಹಣೆ ಬಡ್ಕೋತಾರೆ ಅಂತ ನಾನು ಎಲ್ಲಾ ಬಾಗಿಲೂ ತೆಗೆದಿಡ್ತೀನಿ, ಇವರು ಹೋಗಿ ಹೋಗಿ ಮುಚ್ಚುತಾರೆ. ಒಬ್ಬಳ ಕೈಲಿ ಆಗ್ತಿಲ್ಲಮ್ಮ. ನಿಮ್ಮಲ್ಲಿ ಯಾರಾದ್ರೂ ಇದ್ರೆ ಕಳಿಸಿಕೊಡಿ."

ದರ್ಜಿಯವರ ಕೈ ಮೂರನೇ ಗುಂಡಿಯ ಮೇಲೆ ಹಾಗೇ ನಿಂತಿತು.

ಪ್ರಶ್ನೆಯಕ್ಕ ಚೀಲಕ್ಕೆ ಕೈ ಹಾಕಿ, ತಳದವರೆಗೆ ತಡಕಿ, ನಾಲ್ಕೂ ಮೂಲೆ ಮುದುಡಿದ ನೀಲಿ ಫಾರಂ ಹೊರತೆಗೆದರು. ಕೇಳಿದರಲ್ಲ, ಬಾಯಿಬಿಟ್ಟು ಕೇಳಿಯೇಬಿಟ್ಟರಲ್ಲ. ನಿಯಮಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದರು. ಸಹಾಯ ಕೇಳುವವರು ಅದೇ ಮನೆಯಲ್ಲಿ ವಾಸವಿರಬೇಕು: ಇದ್ದಾರೆ. ಹದಿನೆಂಟು ವರ್ಷ ತುಂಬಿರಬೇಕು: ತುಂಬಿ ಬಹಳ ಕಾಲವಾಗಿದೆ. ತಮ್ಮ ಸ್ವಂತ ಮಾತಿನಲ್ಲಿ ಕೇಳಿರಬೇಕು: ಪಾಠ ಬಿಟ್ಟು ಆಕೆ ಕೊಟ್ಟ ಸ್ವಂತ ಉತ್ತರ ಎಂದರೆ ಅದೊಂದೇ. ಅವರಿಗೆ ವಾರ ಯಾವುದೆಂದು ಗೊತ್ತಿರಬೇಕು ಎಂದಾಗಲಿ, ಹಳದಿಯಲ್ಲಿ ಹೆಸರಿರುವವರು ನೋಡಿಕೊಳ್ಳುವವರಾಗಿರಬಾರದು ಎಂದಾಗಲಿ ಎಲ್ಲೂ ಬರೆದಿರಲಿಲ್ಲ. ನೋಡಿಕೊಳ್ಳುತ್ತಿರುವವರು ಎಂಬಲ್ಲಿ ಅಜ್ಜಿಯ ಹೆಸರು ಬರೆದರು, ನೋಡಿಸಿಕೊಳ್ಳುತ್ತಿರುವವರು ಎಂಬಲ್ಲಿ ದರ್ಜಿಯವರದು. ಒಂದೂ ಸುಳ್ಳಲ್ಲ. ಆಮೇಲೆ ಸಾಹೇಬರಿಗೆ ಫೋನ್ ಹಚ್ಚಿ, ವಿಷಯ ತಿಳಿಸಿ, ಅಜ್ಜಿಯ ಕೈಗೆ ಕೊಟ್ಟರು.

"ಅಮ್ಮ, ಈ ನೀಲಿ ಫಾರಂ ವಿಷಯ ನಮ್ಮ ಸಿಬ್ಬಂದಿ ನಿಮಗೆ ಮೊದಲೇ ಹೇಳಿದ್ರಾ?" ಸಾಹೇಬರ ಗಂಟಲು ಕೋಣೆಯ ತುಂಬ ಕೇಳಿಸಿತು.

"ಯಾವ ಫಾರಂ?"

"ನೀಲಿದು."

"ನನಗೆ ಯಾರೂ ಏನೂ ಹೇಳಲ್ಲಪ್ಪ. ಈ ಮನೇಲಿ ನನಗೆ ಯಾರೂ ಏನೂ ಹೇಳಲ್ಲ."

ಸಾಹೇಬರು ಗಂಟಲು ಸರಿಮಾಡಿಕೊಂಡರು. ಇಷ್ಟು ಚೊಕ್ಕವಾದ ಉತ್ತರ ಅವರಿಗೆ ಈವರೆಗೆ ಸಿಕ್ಕಿರಲಿಲ್ಲವೋ ಏನೋ. "ನಿಮ್ಮ ಯಜಮಾನರು ಹೇಗಿದ್ದಾರೆ?"

"ಮನುಷ್ಯ ಬಂಗಾರದಂಥವರು. ಆದ್ರೆ ಹೇಳಿದ್ದನ್ನೇ ಹೇಳ್ತಾರೆ. ಬೆಳಿಗ್ಗೆಯಿಂದ ಇವತ್ತು ಗುರುವಾರ, ಇವತ್ತು ಗುರುವಾರ ಅಂತ ಹತ್ತು ಸಲ ಹೇಳಿದ್ರು. ನಾನೂ ಹೂಂ ಅಂತೀನಿ. ಬೇಜಾರು ಯಾಕೆ ಮಾಡೋದು?"

"ಛೇ, ಪಾಪ" ಎಂದರು ಕಟ್ಟುನಿಟ್ಟು ಸಾಹೇಬರು. "ಫಾರಂ ತಗೊಂಡು ಬರೋಕೆ ನಮ್ಮವರಿಗೆ ಹೇಳಿ."

ಇನ್ನೊಂದೇ ಒಂದು ಕೆಲಸ ಉಳಿದಿತ್ತು. ಹಾಳೆಯ ಕೊನೆಯಲ್ಲಿ ಒಂದು ವಾಕ್ಯ, ಅದರ ಕೆಳಗೆ ನೋಡಿಸಿಕೊಳ್ಳುತ್ತಿರುವವರ ಸಹಿ. ಅವರು ಒಪ್ಪದಿದ್ದರೆ ಇಡೀ ಫಾರಂ ಬರೀ ಕಾಗದ, ಹಳದಿಯದು ನೇರವಾಗಿ ಸಮಿತಿಗೆ. ಪ್ರಶ್ನೆಯಕ್ಕ ಅದನ್ನು ದರ್ಜಿಯವರಿಗೆ ಓದಿ ಹೇಳಿದರು: "ನನ್ನನ್ನು ದಿನನಿತ್ಯ ನೋಡಿಕೊಳ್ಳುತ್ತಿರುವವರು ಇವರೇ ಎಂದು ಒಪ್ಪುತ್ತೇನೆ."

ಮೂರು ವರ್ಷದಿಂದ ಹೆಂಡತಿಗೆ ನೀರು ಹದ ಮಾಡಿ ಹಾಕಿದ್ದು, ತಲೆ ಬಾಚಿದ್ದು, ಬೀದಿಯ ಕೊನೆಯಿಂದ ಕೈಹಿಡಿದು ಕರೆತಂದದ್ದು, ಹನ್ನೆರಡು ದಿನ ಪಾಠ ಹೇಳಿದ್ದು, ಎಲ್ಲ ದರ್ಜಿಯವರ ಮುಖದ ಮೇಲೆ ಬಂದು ಹೋಯಿತು. ಪ್ರಶ್ನೆಯಕ್ಕನಿಗೆ ಸಹಿ ಹಾಕಿ ಎಂದು ಬೇಡಿಕೊಳ್ಳಬೇಕೆನಿಸಿತು, ಪೆನ್ನು ಮಾತ್ರ ಹಾಳೆಯ ಪಕ್ಕದಲ್ಲಿಟ್ಟರು.

"ಎಲ್ಲಾ ಬಾಗಿಲೂ ನನಗೋಸ್ಕರ ತೆಗೀತಿದ್ಲಾ?" ಎಂದು ದರ್ಜಿಯವರು ಕೇಳಿದರು, ಯಾರನ್ನೆಂದು ಗೊತ್ತಾಗಲಿಲ್ಲ. "ಮೂರು ವರ್ಷ ಬೈದಿದ್ದೀನಿ ಮೇಡಂ."

ಅವರು ಪೆನ್ನಿಗೆ ಕೈ ಚಾಚಿದರು. ಪೆನ್ನು ಸಿಕ್ಕಿತು. ಹಾಳೆಯೂ ಸಿಕ್ಕಿತು. ಸಹಿ ಹಾಕುವ ಗೆರೆ ಸಿಗಲಿಲ್ಲ. ಪೆನ್ನಿನ ಮೊನೆ ನೀಲಿಯ ಮೇಲೆ ಅತ್ತಿತ್ತ ತಡಕಾಡಿತು. ಪ್ರಶ್ನೆಯಕ್ಕ ಏಳುವಷ್ಟರಲ್ಲಿ ಅಜ್ಜಿ ಬಂದು ಅವರ ಮುಂಗೈ ಹಿಡಿದು, ಸರಿಯಾಗಿ ಗೆರೆಯ ಮೇಲೆ ತಂದಿಟ್ಟರು.

"ಇಲ್ಲಿ ರೀ" ಎಂದರು. "ನಾನಿದ್ದೀನಲ್ಲ."

ದರ್ಜಿಯವರು ಸಹಿ ಹಾಕಿದರು.